ವೈಟ್‌ಫೀಲ್ಡ್ ಊರಾದ ಬಗೆಯನ್ನು ನಾನು ಹುಡುಕಿದ್ದು ಹೀಗೆ

ವೈಟ್‌ಫೀಲ್ಡ್ ಇತಿಹಾಸ ಅಂದರೆ ಸಾಕು, ಎಲ್ಲರೂ ಮುಂದೆ ಬ್ರಿಟನ್ ಪ್ರಧಾನಿಯಾದ ವಿನ್ಸ್ಟನ್ ಚರ್ಚಿಲ್ ಕತೆ ತೆಗೆಯುತ್ತಾರೆ. ಆತ ಬೆಂಗಳೂರು ದಂಡಿನಲ್ಲಿದ್ದದ್ದು ನಿಜ, ಇಲ್ಲಿ ವೇವರ್ಲಿ ಇನ್ ಅನ್ನೋ ತಂಗುಮನೆ ಇದ್ದದ್ದೂ ನಿಜ. ಇನ್ ಮಾಲೀಕನ ಮಗಳ ಜೊತೆಗಿನ ಪ್ರೇಮ ಮಾತ್ರ ಬಾಯಿಮಾತು. ಅದನ್ನು ಪಕ್ಕಕ್ಕಿಟ್ಟು ನಾನು ಗ್ರಾಮ ನಕ್ಷೆಯಿಂದ ಶುರು ಮಾಡಿದೆ.

ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳು ಆನ್‌ಲೈನಲ್ಲೇ ಸಿಗುತ್ತವೆ. ಹಗದೂರು, ಇಮ್ಮಡಿಹಳ್ಳಿ, ನಲ್ಲೂರಹಳ್ಳಿ ಕಡೆಯವನ್ನೆಲ್ಲ ಪ್ರಿಂಟ್ ತೆಗೆದು ನೆಲದ ಮೇಲೆ ಜೋಡಿಸಿದೆ. ಹಳ್ಳಿಗಳ ಗಡಿ ಕೆರೆ, ಹಳ್ಳ, ಬದು ಹಿಡಿದು ಅಂಕುಡೊಂಕಾಗಿ ಹೋಗುತ್ತದೆ. ವೈಟ್‌ಫೀಲ್ಡಿನ ಹಳೇ ಊರಾದ ಇನ್ನರ್ ಸರ್ಕಲ್ ಮಾತ್ರ ದುಂಡಗಿದೆ. ನಡುವೆ ಬಯಲು, ಸುತ್ತ ರಸ್ತೆ, ರಸ್ತೆಗೆ ಮುಖ ಮಾಡಿದ ನಿವೇಶನಗಳು. ಕಾಗದದ ಮೇಲೆ ಗೆರೆ ಎಳೆದು ಆಮೇಲೆ ಕಟ್ಟಿದ ಊರು ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಆಮೇಲೆ ರೈಸ್ ಅವರ 1897ರ ಮೈಸೂರು ಗೆಝೆಟಿಯರ್ ಹಿಡಿದೆ. 1881ರಲ್ಲಿ ಮೈಸೂರು ರಾಜ್ಯ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿತು. ಮರುವರ್ಷವೇ ಹತ್ತನೇ ಚಾಮರಾಜ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ, ಅಂದರೆ ಯುರೋಪಿಯನ್–ಭಾರತೀಯ ಮಿಶ್ರ ಮೂಲದವರ ಸಂಘಕ್ಕೆ, 3,900 ಎಕರೆ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್, ಊರಿನ ಹೆಸರೂ ಅವರದೇ. ಸರ್ಕಾರಿ ಕೆಲಸ ನಂಬಿ ಕೂತರೆ ತಮ್ಮ ಜನಕ್ಕೆ ಉಳಿಗಾಲವಿಲ್ಲ, ಬೇಸಾಯ ಮಾಡಲಿ ಅನ್ನೋದು ಅವರ ಯೋಚನೆ. ಆದರೆ ಆ 3,900 ಎಕರೆಯನ್ನು ಸುಮ್ನೆ ಈ ದುಂಡು ಊರಿನ ಲೆಕ್ಕಕ್ಕೇ ಬರೆಯಬೇಡಿ, ಸಾಸ್ಮಂಡ್ ಅನ್ನೋ ಇನ್ನೊಂದು ನೆಲೆಯೂ ಅದರಲ್ಲೇ ಸೇರಿತ್ತು. ಬೆಂಗಳೂರು–ಜೋಲಾರ್‌ಪೇಟೆ ರೈಲು 1864ರಲ್ಲೇ ಬಂದಿತ್ತು, ಜಾಗ ಆರಿಸಿದ್ದರಲ್ಲಿ ಅದರ ಪಾಲೂ ಇರಬೇಕು ಅಂತ ನನ್ನ ಅಂದಾಜು.

ಈ ಜಾಗ ಬರೀ ಪಾಳುಭೂಮಿಯಾಗಿತ್ತು ಅನ್ನುವವರೂ ಇದ್ದಾರೆ. ಪಕ್ಕದ ಕಾಡುಗೋಡಿಯಲ್ಲಿ ಚೋಳರ ಕಾಲದ ತಮಿಳು ಶಾಸನವಿದೆ, 11ನೇ ಶತಮಾನದ್ದು, ಪಟ್ಟಂದೂರು ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ವೈಟ್ ಬರುವ ಎಂಟುನೂರು ವರ್ಷ ಮೊದಲೇ ಇಲ್ಲಿ ತೂಬಿತ್ತು, ಗದ್ದೆಯಿತ್ತು, ಅಲ್ವಾ?

ಯಾರು ನಿಜವಾಗಿ ಉಳುಮೆ ಮಾಡಿದರು ಅಂತ ತಿಳಿಯಲು ಚರ್ಚಿನ ದಾಖಲೆಗಳೇ ಒಳ್ಳೆಯ ದಾರಿ. ಜ್ಞಾನಸ್ನಾನದ ಪುಸ್ತಕದಲ್ಲಿ ತಂದೆಯ ಕಸುಬಿಗೆ ಬೇರೆ ಕಾಲಂ ಇರುತ್ತದೆ. ಹೆಸರು ಬಿಟ್ಟು ಆ ಕಾಲಂ ಒಂದನ್ನೇ ವರ್ಷವಾರು ಬರೆದುಕೊಳ್ಳಿ: ರೈತ ಎಷ್ಟು, ರೈಲ್ವೆಯವರು ಎಷ್ಟು, ಪಿಂಚಣಿದಾರರು ಎಷ್ಟು. ಬೇಸಾಯದ ಕನಸು ಎಲ್ಲಿಯವರೆಗೆ ನಡೆಯಿತು ಅನ್ನೋದಕ್ಕೆ ಇದಕ್ಕಿಂತ ಜಾಸ್ತಿ ನಂಬಬಹುದಾದ ಸುಳಿವು ನನಗೆ ಸಿಕ್ಕಿಲ್ಲ.

ಊರು ಸುತ್ತುವಾಗ ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಇಟ್ಟುಕೊಳ್ಳಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಬೆಳಿಗ್ಗೆ ಬೇಗ ಹೋಗಿ. ಟ್ರಾಫಿಕ್ ಶುರುವಾದರೆ ಊರು ದುಂಡಗಿದೆಯೋ ಚೌಕವಾಗಿದೆಯೋ ಒಂದೂ ಗೊತ್ತಾಗುವುದಿಲ್ಲ.