ನಡೆಯುವವರ ಜೊತೆ ಒಂದೇ ದಾರಿ: ಬೀಳದೆ, ಬೀಳಿಸದೆ ಸೈಕಲ್ ತುಳಿಯುವುದು ಹೇಗೆ?

ಭಾನುವಾರ ಕಬ್ಬನ್ ಪಾರ್ಕಿನ ಒಳರಸ್ತೆಗಳಿಗೆ ಕಾರು, ಬೈಕು ಬಿಡುವುದಿಲ್ಲ. ಹಾಗಾಗಿ ಎಲ್ಲರೂ ಅಲ್ಲಿಗೇ ಬರುತ್ತಾರೆ. ವಾಕಿಂಗಿಗೆ ಬಂದ ಹಿರಿಯರು, ಓಡುವವರು, ನಾಯಿ ಹಿಡಿದವರು, ಸ್ಕೇಟಿಂಗ್ ಕಲಿಯುವ ಮಕ್ಕಳು, ಇವರ ನಡುವೆ ನಾವು ಸೈಕಲ್ಲಿನವರು. ವಾಹನ ಇಲ್ಲ ಅಂದ ಮೇಲೆ ಅಪಾಯವೂ ಇಲ್ಲ ಅಂದುಕೊಂಡು ಬರುವವರೇ ಜಾಸ್ತಿ. ಆದರೆ ಇಂಥ ದಾರಿಗಳಲ್ಲಿ ಜನ ಬೀಳುವುದನ್ನು ನೋಡುತ್ತಲೇ ಇದ್ದೇನೆ. ಕಾರಣ ಹೆಚ್ಚುಕಮ್ಮಿ ಒಂದೇ. ಮುಂದೆ ನಡೆಯುತ್ತಿರುವವರನ್ನು ದಾಟಿ ಹೋಗುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ದೊಡ್ಡ ರಸ್ತೆಯಲ್ಲಿ ಬಸ್ಸು, ಲಾರಿಗಳ ನಡುವೆ ಸೈಕಲ್ಲಿನವರೇ ಬಡಪಾಯಿಗಳು. ಪಾರ್ಕಿನಲ್ಲಿ, ಕೆರೆ ಏರಿಯ ಮೇಲೆ ಇದು ತಿರುಗಾಮುರುಗಾ. ಅಲ್ಲಿ ನೀವೇ ದೊಡ್ಡ ಗಾಡಿ. ನೀವು 70 ಕಿಲೋ, ಸೈಕಲ್ 15 ಕಿಲೋ, ವೇಗ ಗಂಟೆಗೆ 20 ಕಿ.ಮೀ. ಒಬ್ಬ ಅಜ್ಜಿಯ ಸೊಂಟದ ಮೂಳೆ ಮುರಿಯಲು ಇಷ್ಟು ಸಾಕು. ಇದು ತಲೆಗೆ ಹೋದರೆ ಮುಂದಿನದೆಲ್ಲ ಸುಲಭ.

1. ಹೊರಡುವ ಮೊದಲು

ಟೈರಿಗೆ ಗಾಳಿ, ಎರಡೂ ಬ್ರೇಕು, ಬೆಲ್ಲು. ಎರಡು ನಿಮಿಷದ ಕೆಲಸ. ಎಷ್ಟು ಗಾಳಿ ಬೇಕು ಅಂತ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ.

ಹ್ಯಾಂಡಲ್ಲಿನ ತುದಿಯ ರಬ್ಬರನ್ನೂ ನೋಡಿ. ಮಕ್ಕಳ ಸೈಕಲ್ಲಿನಲ್ಲಿ ಇದು ಹರಿದು ಒಳಗಿನ ಕಬ್ಬಿಣದ ಕೊಳವೆ ಹೊರಗೆ ಬಂದಿರುತ್ತದೆ. ಬಿದ್ದಾಗ ಆ ತುದಿ ಹೊಟ್ಟೆಗೆ ಚುಚ್ಚಿದರೆ ಮೇಲೆ ಗಾಯ ಕಾಣದಿದ್ದರೂ ಒಳಗೆ ಲಿವರಿಗೋ ಗುಲ್ಮಕ್ಕೋ ಪೆಟ್ಟಾಗಬಹುದು. ಸೈಕಲ್ ಅಂಗಡಿಯಲ್ಲಿ ಹೊಸ ಗ್ರಿಪ್ಪು ಸಿಗುತ್ತದೆ. ಅದಕ್ಕೆ ಜಿಪುಣತನ ಬೇಡ.

ಬ್ಯಾಟರಿ ಹಾರನ್ ದಯವಿಟ್ಟು ಹಾಕಿಸಬೇಡಿ. ಆಂಬ್ಯುಲೆನ್ಸ್ ಥರ ಕೂಗುವವು, ನಾಯಿಯಂತೆ ಬೊಗಳುವವು ಎಲ್ಲ ಮಾರುಕಟ್ಟೆಯಲ್ಲಿವೆ. ಅದನ್ನು ಕೇಳಿದವರು ದಾರಿ ಬಿಡುವುದಿಲ್ಲ, ಬೆಚ್ಚಿ ಬೀಳುತ್ತಾರೆ. ಹೆಬ್ಬೆರಳಿನಲ್ಲಿ ತಳ್ಳುವ ಹಳೇ ಕಾಲದ ಸ್ಟೀಲ್ ಬೆಲ್ಲನ್ನು ಮೀರಿಸುವ ವಸ್ತು ಇನ್ನೂ ಬಂದಿಲ್ಲ. 2017ರಲ್ಲಿ ಮೈಸೂರಿನಲ್ಲಿ ಶುರುವಾದ ಬಾಡಿಗೆ ಸೈಕಲ್ಲಿಗೆ ಟ್ರಿಣ್ ಟ್ರಿಣ್ ಅಂತಲೇ ಹೆಸರಿಟ್ಟರಲ್ಲ, ಆ ಸದ್ದು ಎಲ್ಲರಿಗೂ ಗುರುತಿದೆ.

ಇನ್ನು ಹೆಲ್ಮೆಟ್. ಸೈಕಲ್ಲಿಗೆ ಕಾನೂನಿನ ಕಡ್ಡಾಯ ಇಲ್ಲದಿದ್ದರೂ ಹಾಕಿಕೊಳ್ಳಿ. ಒಳಗಿರುವ ಥರ್ಮಾಕೋಲಿನಂಥ ಫೋಮ್ ತಾನು ಕುಸಿದು ಪೆಟ್ಟನ್ನು ನುಂಗುತ್ತದೆ. ಹಾಗಾಗಿ ಒಂದು ಸಲ ನೆಲಕ್ಕೆ ಬಲವಾಗಿ ಬಡಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿದಂತೆ. ಕೊಳ್ಳುವಾಗ ಒಳಗೆ ಇಎನ್ 1078 (EN 1078) ಅನ್ನುವ ಯುರೋಪಿನ ಸುರಕ್ಷತಾ ಮಾನದಂಡದ ಗುರುತು ಇದೆಯಾ ನೋಡಿ. ಫೋಮೇ ಇಲ್ಲದ ತೆಳು ಪ್ಲಾಸ್ಟಿಕ್ ಚಿಪ್ಪುಗಳನ್ನೂ ಹೆಲ್ಮೆಟ್ ಅಂತಲೇ ಮಾರುತ್ತಾರೆ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗದ್ದದ ಪಟ್ಟಿ ಬಿಗಿಯಾಗಿರಬೇಕು. ಹಿಂದಕ್ಕೆ ಜಾರಿಸಿಕೊಂಡು ಹಣೆ ಬಿಟ್ಟರೆ ಹಾಕಿಕೊಂಡೂ ಪ್ರಯೋಜನವಿಲ್ಲ.

ಇಯರ್‌ಫೋನ್ ಮನೆಯಲ್ಲೇ ಬಿಡಿ. ಒಂದು ಕಿವಿಗೆ ಮಾತ್ರ ಅನ್ನುವ ರಾಜಿಯೂ ಬೇಡ.

2. ದಾರಿ ಯಾವುದು ಅಂತ ನೋಡಿ

ಎಷ್ಟೋ ಕೆರೆಗಳ ಗೇಟಿನಲ್ಲಿ ಸೈಕಲ್ ನಿಷೇಧದ ಫಲಕ ಇರುತ್ತದೆ. ಇದ್ದರೆ ತಳ್ಳಿಕೊಂಡೂ ಒಳಗೆ ಹೋಗಬೇಡಿ. ಫುಟ್‌ಪಾತ್ ನಡೆಯುವವರದ್ದು, ಅಲ್ಲಿ ಮಾತ್ರ ಇಳಿದು ತಳ್ಳಿ. ಸೈಕಲ್ ಹಾದಿ ಅಂತ ಬಣ್ಣ ಬಳಿದಿದ್ದರೂ ಅದು ಸೈಕಲ್ಲಿಗಷ್ಟೇ ಉಳಿಯುತ್ತದೆ ಅಂತ ನಂಬಬೇಡಿ. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಹಾದಿ ಮಾಡಿದರು, ಅದರೊಳಗೆ ಬೈಕುಗಳು ನುಗ್ಗಿದವು. ಎದುರಿನಿಂದ ಯಾವಾಗ ಏನು ಬೇಕಾದರೂ ಬರಬಹುದು ಅನ್ನುವ ಲೆಕ್ಕದಲ್ಲೇ ತುಳಿಯಿರಿ.

3. ಬ್ರೇಕು ಹಿಡಿಯುವುದನ್ನು ಕಲಿಯಿರಿ

ಕಲಿಯೋದೇನಿದೆ ಅಂತೀರಾ? ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಹೊಡೆಯುತ್ತೆ ಅಂತ ಚಿಕ್ಕವರಿದ್ದಾಗ ಯಾರೋ ಹೆದರಿಸಿರುತ್ತಾರೆ. ಅದಕ್ಕೇ ಎಷ್ಟೋ ಜನ ಜೀವನಪೂರ್ತಿ ಹಿಂದಿನ ಬ್ರೇಕಿನಲ್ಲೇ ಸೈಕಲ್ ನಿಲ್ಲಿಸುತ್ತಾರೆ. ಆದರೆ ವೇಗ ತಗ್ಗುವಾಗ ನಮ್ಮ ತೂಕವೆಲ್ಲ ಮುಂದಕ್ಕೆ ಹೋಗುತ್ತದೆ. ಹಿಂದಿನ ಚಕ್ರ ಹಗುರಾಗಿ ಜಾರುತ್ತದೆ. ನಿಜವಾಗಿ ನಿಲ್ಲಿಸುವುದು ಮುಂದಿನ ಚಕ್ರವೇ. ಹಿಂದಿನದನ್ನು ಮಾತ್ರ ಹಿಡಿದರೆ ನಿಲ್ಲಲು ಸುಮಾರು ಎರಡರಷ್ಟು ದೂರ ಬೇಕಾಗುತ್ತದೆ.

ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದ್ದು ಮುಂದಿನ ಬ್ರೇಕು. ಕೆಲವು ಗೇರ್ ಸೈಕಲ್ಲುಗಳಲ್ಲಿ ಅದಲು ಬದಲಾಗಿರುತ್ತದೆ. ನಿಂತಲ್ಲೇ ಒತ್ತಿ, ತಳ್ಳಿ ನೋಡಿ. ಆಮೇಲೆ ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಎರಡನ್ನೂ ಒಟ್ಟಿಗೆ, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ ಒತ್ತಬೇಕು. ಒತ್ತುವಾಗ ಕೈ ಚಾಚಿ, ಸೊಂಟವನ್ನು ಸೀಟಿನ ಹಿಂಭಾಗಕ್ಕೆ ಸರಿಸಬೇಕು. ಪಲ್ಟಿ ಹೊಡೆಯುವುದು ಗಾಬರಿಯಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಚುಕಿದಾಗ. ತಿರುವಿನಲ್ಲಿ ಬ್ರೇಕು ಬೇಡ, ತಿರುಗುವ ಮೊದಲೇ ವೇಗ ಇಳಿಸಿ. ಮಳೆ ಬಂದರೆ ರಿಮ್ಮಿಗೆ ಹಿಡಿಯುವ ಬ್ರೇಕು ಮೊದಲು ನೀರು ಒರೆಸಿ ಆಮೇಲೆ ಕಚ್ಚುತ್ತದೆ. ಹಾಗಾಗಿ ಇನ್ನೂ ಮೊದಲೇ ಹಿಡಿಯಬೇಕು.

4. ಹಿಂದಿನಿಂದ ಬಂದು ದಾಟುವುದು

ಎಲ್ಲ ಕೆಡುವುದು ಇಲ್ಲೇ. ಸಾಮಾನ್ಯವಾಗಿ ಜನ ಮಾಡುವುದು ಹೀಗೆ: ವೇಗವಾಗಿ ಬರುತ್ತಾರೆ, ತೀರಾ ಹತ್ತಿರ ಬಂದ ಮೇಲೆ ಬೆಲ್ ಹೊಡೆಯುತ್ತಾರೆ, ಅದೇ ವೇಗದಲ್ಲಿ ಪಕ್ಕದಲ್ಲಿ ನುಸುಳುತ್ತಾರೆ.

ಬೆಲ್ ಕೇಳಿದವರು ಏನು ಮಾಡುತ್ತಾರೆ ಅಂತ ಗಮನಿಸಿದ್ದೀರಾ? ಕತ್ತು ತಿರುಗಿಸಿ ನೋಡುತ್ತಾರೆ. ಕತ್ತಿನ ಹಿಂದೆ ಹೆಗಲು, ಹೆಗಲಿನ ಹಿಂದೆ ಕಾಲು. ಬಲಗಡೆಯಿಂದ ಹಿಂತಿರುಗಿ ನೋಡಿದವರು ತಮಗೇ ಗೊತ್ತಿಲ್ಲದೆ ಅರ್ಧ ಹೆಜ್ಜೆ ಬಲಕ್ಕೆ ಬಂದಿರುತ್ತಾರೆ. ನೀವು ದಾಟಲು ಹೊರಟಿದ್ದೂ ಬಲಗಡೆಯಿಂದಲೇ. ಡಿಕ್ಕಿ ಆಗುವುದು ಹೀಗೆ. ಇದರಲ್ಲಿ ನಡೆಯುವವರ ತಪ್ಪೇನೂ ಇಲ್ಲ. ಸದ್ದು ಬಂದ ಕಡೆ ನೋಡುವುದು ಮನುಷ್ಯರ ಸ್ವಭಾವ.

ಸರಿಯಾದ ಕ್ರಮ ಇದು. ಮೊದಲು ವೇಗ ಇಳಿಸಿ, ಆಮೇಲೆ ಬೆಲ್ ಹೊಡೆಯಿರಿ. ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. ನಡೆಯುವವರು ಸೆಕೆಂಡಿಗೆ 1.4 ಮೀಟರ್ ಮುಂದೆ ಹೋಗುತ್ತಾರೆ. 20 ಮೀಟರ್ ದೂರದಲ್ಲಿ ಬೆಲ್ ಹೊಡೆದರೆ ಅವರಿಗೆ ಐದು ಸೆಕೆಂಡಿಗೂ ಜಾಸ್ತಿ ಸಮಯ ಸಿಗುತ್ತದೆ. ನೋಡುತ್ತಾರೆ, ಬದಿಗೆ ಸರಿಯುತ್ತಾರೆ, ಮಾತು ಮುಂದುವರಿಸುತ್ತಾರೆ. 5 ಮೀಟರಿನಲ್ಲಿ ಹೊಡೆದರೆ ಒಂದೂವರೆ ಸೆಕೆಂಡೂ ಇಲ್ಲ.

ಬೆಲ್ ಹೊಡೆದ ಮೇಲೆ ಕಾಯಬೇಕು. ಅವರು ತಲೆ ತಿರುಗಿಸಿದರಾ? ಕೈ ಸನ್ನೆ ಮಾಡಿದರಾ? ಒಂದು ಕಡೆಗೆ ಸರಿದು ಅಲ್ಲೇ ನಿಂತರಾ? ಅದು ಕಂಡ ಮೇಲಷ್ಟೇ ದಾಟಿ. ಬೆಲ್ ಹೊಡೆದಾಯಿತು, ಇನ್ನು ದಾರಿ ನನ್ನದು ಅಂತ ನುಗ್ಗಬಾರದು. ಉತ್ತರ ಬರದಿದ್ದರೆ ಅವರಿಗೆ ಕೇಳಿಸಿಲ್ಲ ಅಂತಲೇ ಅರ್ಥ. ವಯಸ್ಸಾದಂತೆ ಮೊದಲು ಕೇಳಿಸದಾಗುವುದು ಕೀಚಲು ಸದ್ದುಗಳು. ಬೆಲ್ಲಿನದೂ ಅಂಥದೇ ಸದ್ದು. ಹಾಗಾಗಿ ಹಿರಿಯರಿಗೆ ಬಾಯಿಬಿಟ್ಟು ಹೇಳುವುದೇ ಒಳ್ಳೆಯದು.

ಏನು ಹೇಳಬೇಕು? 'ಸೈಡ್, ಸೈಡ್' ಅನ್ನಬೇಡಿ. ಯಾವ ಸೈಡು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? 'ಬಲಕ್ಕೆ' ಅಂತ ಕೂಗಿದರೆ ಇನ್ನೂ ಅನಾಹುತ, ಅವರು ಬಲಕ್ಕೇ ಬರುತ್ತಾರೆ. ನಾನು ಹೇಳುವುದು ಇಷ್ಟು: 'ಸಾರ್, ಸೈಕಲ್ ಬರ್ತಿದೆ, ನೀವು ಹಾಗೇ ನಡೀರಿ.' ಹುಬ್ಬಳ್ಳಿ ಕಡೆಯವರಾದರೆ, 'ಅಜ್ಜಾರ, ಸೈಕಲ್ ಬರಾಕತ್ತೈತ್ರಿ, ನೀವು ಹಂಗ ನಡೀರಿ.' ಅವರು ಏನೂ ಮಾಡಬೇಕಾಗಿಲ್ಲ ಅಂತ ಗೊತ್ತಾದರೆ ಗಾಬರಿಯೇ ಆಗುವುದಿಲ್ಲ. ಹೊಂದಿಕೊಳ್ಳಬೇಕಾದವರು ನಾವು.

ದಾಟುವಾಗ ನಡುವೆ ಒಂದು ಮೀಟರ್ ಜಾಗ ಬಿಡಿ. ಅಷ್ಟು ಜಾಗ ಇಲ್ಲದಿದ್ದರೆ ನಡಿಗೆಯ ವೇಗಕ್ಕೆ ಇಳಿಸಿ, ಅದಕ್ಕೂ ಆಗದಿದ್ದರೆ ಒಂದು ಕಾಲು ಊರಿ. ಎದುರಿನಿಂದ ಯಾರಾದರೂ ಬರುತ್ತಿದ್ದರೆ ಅವರು ಹೋಗುವ ತನಕ ಹಿಂದೆಯೇ ಇರಿ. ನೀವು, ನಡೆಯುವವರು, ಎದುರಿನವರು ಮೂವರೂ ಒಂದೇ ಸಾಲಿಗೆ ಬರಬಾರದು. ದಾಟಿದ ಕೂಡಲೇ ಎಡಕ್ಕೆ ಕತ್ತರಿಸಬೇಡಿ. ಹೆಗಲ ಮೇಲಿಂದ ಹಿಂದೆ ನೋಡಿ, ಆಮೇಲೆ ಬನ್ನಿ. ಹೋಗುವಾಗ ಒಂದು 'ಥ್ಯಾಂಕ್ಸ್ ಸಾರ್' ಹೇಳಿ. ಮುಂದಿನ ಸಲ ಬೆಲ್ ಕೇಳಿದಾಗ ಅವರು ಮುಖ ಗಂಟಿಕ್ಕುವುದಿಲ್ಲ.

ಇನ್ನು ಕೆಲವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು.

ಮಕ್ಕಳು. ಅಮ್ಮ ದಾರಿಯ ಒಂದು ಬದಿಯಲ್ಲಿ, ಮಗು ಇನ್ನೊಂದು ಬದಿಯಲ್ಲಿ ಇದ್ದರೆ ಆ ನಡುವೆ ಎಷ್ಟು ಜಾಗ ಇದ್ದರೂ ಹೋಗಬೇಡಿ. ನಿಮ್ಮನ್ನು ನೋಡಿದ ಕೂಡಲೇ ಅಮ್ಮ 'ಬಾ ಇಲ್ಲಿ' ಅನ್ನುತ್ತಾಳೆ, ಮಗು ನೇರ ನಿಮ್ಮ ಚಕ್ರದ ಮುಂದೆ ಓಡುತ್ತದೆ. ನಿಂತುಬಿಡಿ. ಚೆಂಡು ಉರುಳಿ ಬಂದರೂ ಅಷ್ಟೇ, ಅದರ ಹಿಂದೆ ಮಗು ಇದ್ದೇ ಇರುತ್ತದೆ.

ನಾಯಿ. ನೋಡಬೇಕಾದ್ದು ಅದರ ಹಗ್ಗವನ್ನು. ನಾಯಿ ಒಂದು ಕಡೆ, ಹಿಡಿದವರು ಇನ್ನೊಂದು ಕಡೆ ಇದ್ದರೆ ನಡುವೆ ತೆಳ್ಳನೆಯ ಹಗ್ಗ ಅಡ್ಡಡ್ಡ ಇರುತ್ತದೆ, ಬೆಳಗಿನ ಬೆಳಕಿನಲ್ಲಿ ಕಾಣುವುದೇ ಇಲ್ಲ. ಉದ್ದಕ್ಕೆ ಬಿಟ್ಟುಕೊಡುವ ಹಗ್ಗಗಳಂತೂ ಇಂಥ ದಾರಿಗೆ ತರಲೇಬಾರದು. ದಾಟುವಾಗ ಮನುಷ್ಯರು ಇರುವ ಪಕ್ಕದಿಂದ ದಾಟಿ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಕಾಲೆತ್ತಿ ಒದೆಯಲು ಹೋಗಬೇಡಿ, ಬ್ಯಾಲೆನ್ಸ್ ತಪ್ಪಿ ಬೀಳುತ್ತೀರಿ. ವೇಗ ಇಳಿಸಿ, ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ. ಓಡುವುದನ್ನು ನಿಲ್ಲಿಸಿದರೆ ಹೆಚ್ಚಿನ ನಾಯಿಗಳು ಸುಮ್ನಾಗುತ್ತವೆ.

ಸಾಲಾಗಿ ನಾಲ್ಕು ಜನ ಮಾತಾಡುತ್ತಾ ಹೋಗುವ ಗುಂಪು. ಬೆಲ್ ಹೊಡೆದರೆ ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ ಹೋಗುತ್ತಾರೆ. ಆಮೇಲೆ ಅದರಲ್ಲೊಬ್ಬರು ಮನಸ್ಸು ಬದಲಿಸಿ ಆ ಕಡೆ ಓಡುತ್ತಾರೆ. ಎಲ್ಲರೂ ನಿಲ್ಲುವ ತನಕ ನೀವೂ ನಿಲ್ಲಿ.

5. ಗುಂಪಿನಲ್ಲಿ ಹೋಗುವಾಗ

ನಿಮ್ಮ ಮುಂದಿನ ಚಕ್ರ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಬರಬಾರದು. ಅವರು ಸ್ವಲ್ಪ ವಾಲಿದರೂ ಎರಡು ಚಕ್ರ ತಾಗುತ್ತವೆ, ಬೀಳುವುದು ಹಿಂದಿನವರು. ದಾರಿಯ ಬಾಯಲ್ಲಿ ನೆಟ್ಟಿರುವ ಕಂಬ ಮೊದಲನೆಯವರಿಗೆ ಕಾಣುತ್ತದೆ, ಅವರ ಬೆನ್ನ ಹಿಂದೆ ಬರುವವರಿಗೆ ಕಾಣುವುದಿಲ್ಲ. ಮೊದಲನೆಯವರು 'ಕಂಬ' ಅಂತ ಕೂಗಲೇಬೇಕು. ಇಬ್ಬಿಬ್ಬರು ಜೋಡಿಯಾಗಿ ಹರಟುತ್ತಾ ಹೋಗುವುದು ಈ ದಾರಿಗಳಲ್ಲಿ ಬೇಡ.

6. ನೆಲ ನೋಡಿ

ಮಳೆಗಾಲದಲ್ಲಿ ಮರದ ನೆರಳಿನ ಟೈಲ್ಸ್ ಮೇಲೆ ಪಾಚಿ, ಉದುರಿದ ಹೂವು, ಒದ್ದೆ ಎಲೆ, ಕಬ್ಬಿಣದ ಮ್ಯಾನ್‌ಹೋಲ್ ಮುಚ್ಚಳ ಎಲ್ಲ ಜಾರುತ್ತವೆ. ಇವುಗಳ ಮೇಲೆ ಬ್ರೇಕೂ ಬೇಡ, ತಿರುಗಿಸುವುದೂ ಬೇಡ, ನೇರವಾಗಿ ಹೋಗಿ. ಡಾಂಬರಿನ ಅಂಚಿಂದ ಮಣ್ಣಿಗೆ ಇಳಿದುಬಿಟ್ಟರೆ ಓರೆಯಾಗಿ ಹತ್ತಲು ಹೋಗಬೇಡಿ. ಚಕ್ರ ಅಂಚಿಗೆ ಉಜ್ಜಿಕೊಂಡು ಹೋಗುತ್ತದೆ, ನೀವು ಪಕ್ಕಕ್ಕೆ ಬೀಳುತ್ತೀರಿ. ನಿಲ್ಲಿಸಿ, ಇಳಿದು ಎತ್ತಿಡಿ.

ಕತ್ತಲಲ್ಲಿ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇರಲಿ. ಮುಂದಿನದು ನೆಲಕ್ಕೆ ಬಾಗಿರಲಿ. ಮಿಣಮಿಣ ಮಿಟುಕಿಸುತ್ತಾ ನಡೆಯುವವರ ಕಣ್ಣಿಗೆ ಹೊಡೆಯಬೇಡಿ.

7. ಬಿದ್ದರೆ, ಅಥವಾ ಬೀಳಿಸಿದರೆ

ದಡಕ್ಕನೆ ಏಳಬೇಡಿ. ನಾಚಿಕೆಗೆ ಎದ್ದು 'ಏನಾಗಿಲ್ಲ' ಅಂತ ಹೊರಟುಬಿಡುವವರೇ ಜಾಸ್ತಿ. ಕತ್ತು, ಕೈ, ಕಾಲು ಒಂದೊಂದಾಗಿ ಆಡಿಸಿ ನೋಡಿ. ನೀವು ಯಾರಿಗಾದರೂ ಗುದ್ದಿದ್ದರೆ ಅವರನ್ನೂ ಕೈ ಹಿಡಿದು ಎಬ್ಬಿಸಬೇಡಿ. ಹಿರಿಯರಿಗೆ ಸೊಂಟ ನೋವಿದ್ದರೆ, ಯಾರಿಗೇ ಆಗಲಿ ಕತ್ತು ನೋವಿದ್ದರೆ ಇದ್ದಲ್ಲೇ ಮಲಗಿರಲಿ, 108ಕ್ಕೆ ಫೋನ್ ಮಾಡಿ. ಸಹಾಯ ಮಾಡಿದರೆ ಪೊಲೀಸು, ಕೋರ್ಟು ಅಂತ ಅಲೆಯಬೇಕಾಗುತ್ತದೆ ಅನ್ನುವ ಭಯ ನೋಡುತ್ತಾ ನಿಂತವರಿಗೂ ಬೇಡ. ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗೆ ಕರ್ನಾಟಕದಲ್ಲಿ 2016ರ ಕಾಯ್ದೆ ಇದೆ.

ತರಚಿದ ಗಾಯವನ್ನು ಹರಿಯುವ ಶುದ್ಧ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಮಣ್ಣು ಮರಳು ಪೂರ್ತಿ ಹೋಗಲಿ. ಕಾಫಿಪುಡಿ, ಅರಿಶಿನ ಒತ್ತಬೇಡಿ. ಆಮೇಲೆ ಅದನ್ನು ಕೆರೆದು ತೆಗೆಯುವಾಗಿನ ನೋವು ಬಿದ್ದ ನೋವಿಗಿಂತ ಜಾಸ್ತಿ. ಟೆಟನಸ್ ಇಂಜೆಕ್ಷನ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ಕೈ ಊರಿ ಬಿದ್ದಿದ್ದರೆ ಹೆಬ್ಬೆರಳ ಬುಡದ ಹತ್ತಿರ ಮಣಿಕಟ್ಟನ್ನು ಒತ್ತಿ ನೋಡಿ. ಅಲ್ಲಿ ನೋವಿದ್ದರೆ ಉಳುಕು ಅಂತ ಎಣ್ಣೆ ತಿಕ್ಕಿ ಬಿಡಬೇಡಿ. ಅಲ್ಲಿರುವ ಪುಟ್ಟ ಮೂಳೆಯ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು, ನೋವು ಉಳಿದರೆ ಮತ್ತೆ ತೋರಿಸಬೇಕು. ತಲೆಗೆ ಪೆಟ್ಟಾದ ಮೇಲೆ ವಾಂತಿ, ಹೆಚ್ಚುತ್ತಲೇ ಹೋಗುವ ತಲೆನೋವು, ಮಂಪರು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಮಗುವಿಗೆ ಹ್ಯಾಂಡಲ್ ಚುಚ್ಚಿ ಹೊಟ್ಟೆನೋವು ಬಂದರೂ ಹಾಗೆಯೇ.

ಸೈಕಲ್ ನೋಡುವುದು ಕೊನೆಯಲ್ಲಿ. ಹ್ಯಾಂಡಲ್ ಸೊಟ್ಟಗಾಗಿದ್ದರೆ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ತಿರುಗಿಸಿ ಸರಿ ಮಾಡಿ, ನಟ್ಟು ಬಿಗಿ ಮಾಡಿಸಿ. ಚಕ್ರ ಎತ್ತಿ ತಿರುಗಿಸಿ, ಬ್ರೇಕ್ ರಬ್ಬರಿಗೆ ತಾಗುತ್ತದೆಯಾ ನೋಡಿ. ಮುಂದಿನ ಚಕ್ರವನ್ನು ಎರಡೂ ಬದಿಯಿಂದ ಹಿಡಿದಿರುವ ಫೋರ್ಕು ಬಾಗಿದ್ದರೆ ಅಥವಾ ಎಲ್ಲಾದರೂ ಬಿರುಕು ಕಂಡರೆ ಆ ಸೈಕಲ್ ಹತ್ತಬೇಡಿ, ತಳ್ಳಿಕೊಂಡೇ ಅಂಗಡಿಗೆ ಒಯ್ಯಿರಿ. ಅಲ್ಲಿ ವೆಲ್ಡಿಂಗ್ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಹೊಸ ಫೋರ್ಕನ್ನೇ ಹಾಕಿಸಿ.