ಮುಂದೆ ಓದುವ ಆಸೆ, ಕೈಯಲ್ಲಿ ಸಿಇಟಿ ರ‍್ಯಾಂಕ್: ನನ್ನ ಅನುಭವ

2016ರ ಜೂನ್ ತಿಂಗಳು. ಸಿಇಟಿ ರ‍್ಯಾಂಕ್ ಬಂದಿತ್ತು. ಮನೆಯಲ್ಲಿ ದಿನಾ ಅದೇ ಮಾತು, ಬೆಂಗಳೂರಾ, ದಾವಣಗೆರೆಯಾ? ಜೆಇಇ ಚೆನ್ನಾಗಿ ಆಗಿರಲಿಲ್ಲ, ಹಾಗಾಗಿ ಸುರತ್ಕಲ್‌ನ ಎನ್‌ಐಟಿ ಆಸೆ ಬಿಟ್ಟಾಗಿತ್ತು. ಬೆಂಗಳೂರಿನ ದೊಡ್ಡ ಕಾಲೇಜುಗಳಲ್ಲಿ ನನ್ನ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸ್ ಸಿಗುತ್ತಿರಲಿಲ್ಲ. ಅಲ್ಲಿನ ನಡುಮಟ್ಟದ ಎರಡು ಕಾಲೇಜುಗಳಲ್ಲಿ ಸಿಗುತ್ತಿತ್ತು. ನಮ್ಮೂರಲ್ಲೂ ಸಿಗುತ್ತಿತ್ತು.

ನಮ್ಮ ಕಡೆ ಇಂಜಿನಿಯರಿಂಗ್ ಕಾಲೇಜಿಗೆ ಬರ ಇಲ್ಲ. ಬಿಡಿಟಿ 1951ರದ್ದು, ಬಾಪೂಜಿ 1979ರದ್ದು, ಪಕ್ಕದ ಚಿತ್ರದುರ್ಗದಲ್ಲಿ ಎಸ್‌ಜೆಎಂ ಇದೆ. ಇನ್ನೂ ಇವೆ. ನಾನು ಸೇರಿದ್ದು ದಾವಣಗೆರೆಯದೇ ಒಂದು ಕಾಲೇಜು. ಹೆಸರು ಬರೆಯಲ್ಲ. ಮುಂದೆ ಹೇಳುವ ಕೊರತೆಗಳು ಆ ಒಂದು ಕಾಲೇಜಿನವು ಮಾತ್ರ ಅಂತ ಯಾರಿಗೂ ಅನಿಸಬಾರದು.

ನನಗೆ ಕೆಲಸಕ್ಕಿಂತ ಮುಂದೆ ಓದುವ ಹಂಬಲವೇ ಜಾಸ್ತಿ ಇತ್ತು. ಐಐಎಸ್‌ಸಿ, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅನ್ನೋ ಹೆಸರು ಪಿಯುಸಿಯಲ್ಲೇ ತಲೆಗೆ ಹೊಕ್ಕಿತ್ತು. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಅವರ ಕ್ಯಾಂಪಸ್ ಇದೆಯಲ್ಲ, ಅಪ್ಪ ಅದನ್ನೇ ಐಐಎಸ್‌ಸಿ ಅಂದುಕೊಂಡಿದ್ದರು. ಬಸ್ಸಿನಲ್ಲಿ ಹೋಗಿ ಬಂದು ಓದಬಹುದು ಅಂತ ಖುಷಿಪಟ್ಟಿದ್ದರು. ಕಂಪ್ಯೂಟರ್ ವಿಭಾಗ ಇರೋದು ಬೆಂಗಳೂರಿನ ಹಳೇ ಕ್ಯಾಂಪಸ್ಸಿನಲ್ಲಿ ಅಂತ ಆಮೇಲೆ ಹೇಳಬೇಕಾಯಿತು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ಬೆಂಗಳೂರಲ್ಲಿದ್ದ ಮಾವ ಬಂದಾಗಲೆಲ್ಲ, "ಬೆಂಗಳೂರಿಗೆ ಕಳಿಸಿ ಭಾವ, ಅಲ್ಲಾದ್ರೆ ಕಂಪನಿಗಳೇ ಕಾಲೇಜಿಗೆ ಬರ್ತಾವೆ" ಅನ್ನೋರು. ಅಪ್ಪ ನನಗೆ ಹೇಳಿದ್ದು ಇಷ್ಟೇ: "ನೋಡವ್ವ, ಓದೋಳು ನೀನು. ದುಡ್ಡಿನ ಚಿಂತೆ ನಂಗಿರ್ಲಿ."

ಆ ಮಾತು ಕೇಳಿದ ಮೇಲೆ ದುಡ್ಡಿನ ಚಿಂತೆ ನನಗೂ ಶುರುವಾಯಿತು. ಆಗ ಬೆಂಗಳೂರಿನ ಪಿಜಿಗೆ ತಿಂಗಳಿಗೆ 6,000 ಕೇಳಿದ್ದರು. ಕಾಲೇಜಿನಿಂದ ಪಿಜಿ ದೂರ, ಹೋಗಿ ಬರೋಕೆ ಎರಡು ಗಂಟೆ. ನಮ್ಮ ಮನೆಯಿಂದ ಇಲ್ಲಿನ ಕಾಲೇಜಿಗೆ ಸೈಕಲ್ಲಿನಲ್ಲಿ ಹದಿನೈದು ನಿಮಿಷ.

ನಮ್ಮ ಬೀದಿಯ ಒಬ್ಬ ಅಕ್ಕ ಆಗ ಸುರತ್ಕಲ್‌ನಲ್ಲಿ ಎಂಟೆಕ್ ಓದುತ್ತಿದ್ದರು. ರಜೆಗೆ ಬಂದಾಗ ಅವರ ಹತ್ತಿರ ಹೋಗಿ ಕೂತೆ. ಅವರು ಹೇಳಿದ್ದು ಇವತ್ತಿಗೂ ನೆನಪಿದೆ. "ಪ್ಲೇಸ್‌ಮೆಂಟ್ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಕಳೆದ ವರ್ಷ ಮುಂದೆ ಓದೋಕೆ ಎಷ್ಟು ಜನ ಹೋದರು, ಎಲ್ಲಿಗೆ ಹೋದರು ಅಂತ ನೀನು ಕೇಳು. ಆಮೇಲೆ ಲೈಬ್ರರಿಗೆ ಹೋಗಿ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟ್ ನೋಡು."

ಹೋದೆ. ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳ ಪಟ್ಟಿ ತುಂಬೋದು) ಮುಗಿಯುವುದರೊಳಗೆ ಮೂರು ಕಾಲೇಜು ನೋಡಿದೆ, ಬೆಂಗಳೂರಿನದು ಎರಡು, ಇಲ್ಲಿನದು ಒಂದು. ಮೊದಲನೇದರಲ್ಲಿ ಬಾಗಿಲಲ್ಲೇ ದೊಡ್ಡ ಬೋರ್ಡ್, ಕಂಪನಿಗಳ ಹೆಸರು. ಮುಂದೆ ಓದೋಕೆ ಹೋದವರ ಲೆಕ್ಕ ಕೇಳಿದರೆ ಆಫೀಸಿನವರು ಒಬ್ಬರ ಮುಖ ಒಬ್ಬರು ನೋಡಿದರು. ಲೈಬ್ರರಿಯಲ್ಲಿ ಪ್ರಾಜೆಕ್ಟ್ ರಿಪೋರ್ಟುಗಳು ಸಾಲಾಗಿ ಇದ್ದವು, ಕಪ್ಪು ರಟ್ಟು, ಬಂಗಾರದ ಅಕ್ಷರ. ಒಂದೊಂದೇ ತೆಗೆದೆ. ಹಾಜರಾತಿ ವ್ಯವಸ್ಥೆ. ಮುಂದಿನ ವರ್ಷದ್ದೂ ಹಾಜರಾತಿ ವ್ಯವಸ್ಥೆ. ಅದರ ಮುಂದಿನದು ಬೆರಳಚ್ಚಿನ ಹಾಜರಾತಿ ವ್ಯವಸ್ಥೆ. ಎರಡು ರಿಪೋರ್ಟಿನಲ್ಲಿ ಮೊದಲ ಅಧ್ಯಾಯ ಅಕ್ಷರಕ್ಕೆ ಅಕ್ಷರ ಒಂದೇ ಇತ್ತು. ಪ್ರಾಜೆಕ್ಟ್ ಅನ್ನೋದನ್ನ ಯಾರೂ ಓದಿಯೇ ಇಲ್ಲ ಅಂತ ಅಲ್ಲೇ ಗೊತ್ತಾಯಿತು.

ಎರಡನೇ ಕಾಲೇಜು ಸ್ವಲ್ಪ ವಾಸಿ. ಆದರೆ ಒಂದೊಂದು ವರ್ಷಕ್ಕೂ ಕಂಪ್ಯೂಟರ್ ಸೈನ್ಸಿನಲ್ಲಿ ನಾಲ್ಕು ಸೆಕ್ಷನ್. ಅಷ್ಟು ಮಕ್ಕಳಲ್ಲಿ ನನ್ನ ಹೆಸರು ಯಾವ ಮೇಷ್ಟ್ರಿಗೆ ನೆನಪಿರುತ್ತೆ?

ನಮ್ಮೂರಿನ ಕಾಲೇಜಿನ ರಿಪೋರ್ಟುಗಳೂ ಅಂಥಾ ವಿಶೇಷವೇನಲ್ಲ. ಆದರೆ ಕೆಲವು ರಿಪೋರ್ಟುಗಳ ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತು ಇತ್ತು. "ಇದಕ್ಕೆ ಪುರಾವೆ ಎಲ್ಲಿ?", "ಈ ಲೆಕ್ಕ ಮತ್ತೆ ಮಾಡು." ಯಾರ ಕೈಬರಹ ಅಂತ ಲೈಬ್ರರಿಯವರನ್ನು ಕೇಳಿದೆ. ಒಬ್ಬ ಮೇಡಂ ಹೆಸರು ಹೇಳಿ ಸ್ಟಾಫ್ ರೂಮ್ ತೋರಿಸಿದರು. ಆ ಮೇಡಂ ಊಟದ ಡಬ್ಬಿ ಮುಚ್ಚಿಟ್ಟು, ಗುರುತೇ ಇಲ್ಲದ ಪಿಯುಸಿ ಹುಡುಗಿಗೆ ಅರ್ಧ ಗಂಟೆ ಕೊಟ್ಟರು. "ಗಣಿತದಲ್ಲಿ ಯಾವ ಲೆಕ್ಕ ಇಷ್ಟ ಆಯ್ತಮ್ಮ?" ಅಂತ ಕೇಳಿದರು. ಅಂಕ ಎಷ್ಟು ಅಂತ ಕೇಳಲೇ ಇಲ್ಲ.

ಜಯದೇವ ಸರ್ಕಲ್ ಹತ್ತಿರದ ಸೈಬರ್ ಸೆಂಟರಿನಲ್ಲಿ ಕೂತು ಆ ಕಾಲೇಜನ್ನು ಆಪ್ಷನ್ ಪಟ್ಟಿಯಲ್ಲಿ ಮೇಲಕ್ಕೆ ಹಾಕಿದೆ. ಮಾವ ಎರಡು ತಿಂಗಳು ಸರಿಯಾಗಿ ಮಾತಾಡಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ನಾನು ನೋಡಿದ ಮೂರೂ ಆಗ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸಿಲಬಸ್‌ನಲ್ಲೇ ಇದ್ದವು. ಅಂಥ ಕಾಲೇಜುಗಳಲ್ಲಿ ಪಾಠ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಬೆಂಗಳೂರಲ್ಲಿ ಓದಿದರೂ ದಾವಣಗೆರೆಯಲ್ಲಿ ಓದಿದರೂ ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್ ಅದೇ, ಆಟೊಮೇಟಾ ಥಿಯರಿ ಅದೇ. ವ್ಯತ್ಯಾಸ ಇರೋದು ಕಲಿಸುವವರಲ್ಲಿ, ಜೊತೆಗೆ ನಮಗೆ ಉಳಿಯುವ ಸಮಯದಲ್ಲಿ. ಅಟಾನಮಸ್ ಕಾಲೇಜಾದರೆ ಲೆಕ್ಕ ಬೇರೆ. ಸಿಲಬಸ್ಸೂ ಅವರದೇ, ಪರೀಕ್ಷೆಯೂ ಅವರದೇ. ಒಳ್ಳೆಯ ಕಡೆ ಅದು ವರ. ಎಲೆಕ್ಟಿವ್, ಅಂದರೆ ನಾವೇ ಆರಿಸಿಕೊಳ್ಳುವ ವಿಷಯಗಳ ಪಟ್ಟಿ ಕೇಳಿ ನೋಡಿ, ಅದರಲ್ಲಿ ಯಾವುದನ್ನು ಕಳೆದ ವರ್ಷ ನಿಜವಾಗಿ ಪಾಠ ಮಾಡಿದರು ಅಂತಲೂ ಕೇಳಿ.

ಮೂರನೇ ಸೆಮಿಸ್ಟರಿನಲ್ಲಿ ಅದೇ ಮೇಡಂ ಡಿಸ್ಕ್ರೀಟ್ ಮ್ಯಾಥ್ಸ್‌ಗೆ ಬಂದರು. ಒಂದು ದಿನ ಪ್ರಶ್ನೆ ಕೊಟ್ಟರು. ಒಂದಷ್ಟು ಚುಕ್ಕಿ, ಅವುಗಳ ನಡುವೆ ಗೆರೆ. ಪ್ರತಿ ಚುಕ್ಕಿಗೂ ಕನಿಷ್ಠ ಎರಡು ಬೇರೆ ಚುಕ್ಕಿಗಳ ಜೊತೆ ಗೆರೆ ಇದ್ದರೆ, ಹೋದ ಗೆರೆಯಲ್ಲೇ ತಿರುಗದೆ ಹೊರಟ ಚುಕ್ಕಿಗೇ ವಾಪಸ್ ಬರುವ ಒಂದು ಸುತ್ತು ಇದ್ದೇ ಇರಬೇಕು. ಯಾಕೆ? ನಾನು ಗೈಡಿನಲ್ಲಿ ಇದ್ದ ಹಾಗೆ ಗಡಗಡ ಹೇಳಿದೆ: "ಎಲ್ಲಕ್ಕಿಂತ ಉದ್ದದ ಹಾದಿ ತಗೊಳ್ಳೋಣ..." ಮೇಡಂ ಅಲ್ಲೇ ನಿಲ್ಲಿಸಿದರು. "ಉದ್ದದ್ದೇ ಯಾಕೆ? ಸುಮ್ನೆ ಯಾವುದೋ ಒಂದು ಹಾದಿ ತಗೊಂಡ್ರೆ ಆಗಲ್ವಾ?"

ಬಾಯಿ ಕಟ್ಟಿತು. ಎರಡು ದಿನ ಬೇಕಾಯಿತು. ಹಾದಿಯ ಕೊನೇ ಚುಕ್ಕಿಗೆ ಇನ್ನೊಂದು ಗೆರೆ ಇದೆಯಲ್ಲ, ಅದು ಹೊಸ ಚುಕ್ಕಿಗೆ ಹೋದರೆ ಹಾದಿ ಇನ್ನೂ ಉದ್ದ ಆಗುತ್ತೆ. ಇದೇ ಎಲ್ಲಕ್ಕಿಂತ ಉದ್ದದ್ದು ಅಂತ ಮೊದಲೇ ಹೇಳಿದ್ದೇವೆ, ಹಾಗಾಗಿ ಹೊಸ ಚುಕ್ಕಿಗೆ ಹೋಗೋ ಹಾಗಿಲ್ಲ. ಹಾದಿಯಲ್ಲಿರುವ ಹಳೇ ಚುಕ್ಕಿಗೇ ಹೋಗಬೇಕು. ಸುತ್ತು ಮುಚ್ಚಿತು! ಸ್ಟಾಫ್ ರೂಮಿಗೆ ಓಡಿಹೋಗಿ ಹಳೇ ಹಾಜರಾತಿ ಹಾಳೆಯ ಹಿಂದೆ ಬರೆದು ತೋರಿಸಿದೆ. ಬಾಯಿಪಾಠಕ್ಕೂ ತಿಳಿಯೋದಕ್ಕೂ ಇರುವ ದೂರ ನನಗೆ ಗೊತ್ತಾಗಿದ್ದು ಆವತ್ತು.

ಕೊರತೆಗಳನ್ನೂ ಹೇಳುತ್ತೇನೆ. ಮುಂದೆ ಓದಬೇಕು ಅನ್ನೋ ಜೊತೆಗಾರರು ಇರಲಿಲ್ಲ. ಇದು ತುಂಬಾ ಕಾಡಿತು. ರಾತ್ರಿ ಒಂದು ಲೆಕ್ಕ ಬಿಡಿಸಿ ಖುಷಿಯಾದರೆ ಹೇಳಿಕೊಳ್ಳೋಕೆ ಯಾರೂ ಇಲ್ಲ. ಮುಂದುವರಿದ ವಿಷಯಗಳಿಗೆ ಎಲೆಕ್ಟಿವ್ ಇರಲಿಲ್ಲ, ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ಪಾಠದ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ನೋಡಿ, ವಾರವಾರದ ಅಸೈನ್‌ಮೆಂಟ್ ಮಾಡಿ ಕಲಿತೆ. ಲ್ಯಾಬ್ ರೆಕಾರ್ಡ್ ಬರೆಯೋದರಲ್ಲಿ ಹೋದ ಗಂಟೆಗಳನ್ನು ನೆನೆದರೆ ಈಗಲೂ ಬೇಜಾರಾಗುತ್ತೆ. ನನಗೆ ಎನ್‌ಐಟಿಯೋ ಐಐಟಿಯೋ ಸಿಕ್ಕಿದ್ದರೆ ಖಂಡಿತಾ ಅಲ್ಲಿಗೇ ಹೋಗುತ್ತಿದ್ದೆ, ಅಲ್ಲಿ ಇಂಥ ಜೊತೆಗಾರರು ಸಿಗುತ್ತಾರೆ.

ಮೂರನೇ ವರ್ಷದ ನವೆಂಬರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿದೆ. ಅದಕ್ಕೆ ಮೇಷ್ಟ್ರೊಬ್ಬರ ಶಿಫಾರಸು ಪತ್ರ ಬೇಕು. ಮೇಡಂ ಆ ಹಾಜರಾತಿ ಹಾಳೆಯ ಕಥೆಯನ್ನೇ ಪತ್ರದಲ್ಲಿ ಬರೆದಿದ್ದರಂತೆ, ತುಂಬಾ ದಿನ ಆದ ಮೇಲೆ ಹೇಳಿದರು. ಬೆಂಗಳೂರಲ್ಲಿ ಓದುತ್ತಿದ್ದ ನನ್ನ ಗೆಳತಿ ಅಮೆರಿಕಕ್ಕೆ ಅರ್ಜಿ ಹಾಕಿದಾಗ ಮೂರು ಪತ್ರ ಕೇಳಿದ್ದರು. ಅಂಕ ನನಗಿಂತ ಜಾಸ್ತಿ ಅವಳಿಗೆ. ಒಬ್ಬರು, "ನೀನೇ ಬರೆದು ತಾ, ಸಹಿ ಹಾಕ್ತೀನಿ" ಅಂದರಂತೆ. ಅವಳು ಫೋನಿನಲ್ಲಿ ಅತ್ತಿದ್ದು ನನಗೆ ಮರೆತಿಲ್ಲ. ನಾಲ್ಕು ವರ್ಷ ಓದಿದ ಕಡೆ ಅವಳ ಬಗ್ಗೆ ನಾಲ್ಕು ಸಾಲು ಬರೆಯುವವರು ಇರಲಿಲ್ಲ. ಕಾಲೇಜು ಆರಿಸುವಾಗ ಈ ಪತ್ರದ ಬಗ್ಗೆ ಯಾರೂ ಯೋಚನೆ ಮಾಡಲ್ಲ.

2019ರ ಬೇಸಿಗೆಯ ಎರಡು ತಿಂಗಳು ಐಐಎಸ್‌ಸಿಯಲ್ಲಿ ಕಳೆದೆ. 2020ರ ಫೆಬ್ರವರಿಯಲ್ಲಿ ಎಂಟೆಕ್ ಪ್ರವೇಶಕ್ಕೆ ಬೇಕಾದ ಗೇಟ್ ಪರೀಕ್ಷೆ ಬರೆದೆ. 65 ಪ್ರಶ್ನೆ, 100 ಅಂಕ, 3 ಗಂಟೆ. ಆಗ ಕೊನೇ ವರ್ಷದವರೇ ಬರೆಯಬೇಕಿತ್ತು, ಈಗ ಮೂರನೇ ವರ್ಷದವರೂ ಬರೆಯಬಹುದು. ಸ್ಕೋರು ಮೂರು ವರ್ಷ ನಡೆಯುತ್ತೆ, ಹಾಗಾಗಿ ಬೇಗ ಒಂದು ಸಲ ಬರೆದುಬಿಡೋದು ಒಳ್ಳೆಯದು. ಸ್ಕೋರು ಬಂದರೆ ಸಂದರ್ಶನಕ್ಕೆ ಕರೆಯುತ್ತಾರೆ. ಸಂಶೋಧನೆಯ ಎಂಟೆಕ್‌ಗೆ ಅಲ್ಲೇ ನಿಜವಾದ ಪರೀಕ್ಷೆ.

ಲಾಕ್‌ಡೌನ್ ಆಗಿದ್ದರಿಂದ ಸಂದರ್ಶನ ಆನ್‌ಲೈನ್. ನಾನು ಅಟ್ಟದ ಕೋಣೆಯಲ್ಲಿ, ಅಪ್ಪ ಕೆಳಗೆ ಟಿವಿ ಆರಿಸಿ ಕೂತಿದ್ದರು. ಇಷ್ಟದ ವಿಷಯ ಯಾವುದು ಅಂತ ಕೇಳಿದರು. ಗ್ರಾಫ್ ಅಂದೆ, ಅದೇ ಚುಕ್ಕಿ-ಗೆರೆಗಳ ಗಣಿತ. "ಚುಕ್ಕಿ ಎಷ್ಟಿವೆಯೋ ಗೆರೆಯೂ ಅಷ್ಟೇ ಇದ್ದರೆ ಸುತ್ತು ಇರಲೇಬೇಕಾ?" ಒಂದು ನಿಮಿಷ ಸುಮ್ಮನಿದ್ದೆ. ಒಂದೇ ಗೆರೆ ಇರುವ ಚುಕ್ಕಿ, ಗೆರೆಯೇ ಇಲ್ಲದ ಚುಕ್ಕಿ, ಇವನ್ನು ತೆಗೆಯುತ್ತಾ ಹೋದೆ. ಒಂದು ಚುಕ್ಕಿ ಹೋದರೆ ಹೋಗೋದು ಹೆಚ್ಚೆಂದರೆ ಒಂದೇ ಗೆರೆ, ಹಾಗಾಗಿ ಗೆರೆಗಳ ಲೆಕ್ಕ ಚುಕ್ಕಿಗಳಿಗಿಂತ ಕಮ್ಮಿ ಆಗಲ್ಲ. ಕೊನೆಗೆ ಉಳಿಯೋದು ಎಲ್ಲಾ ಚುಕ್ಕಿಗೂ ಎರಡೆರಡಾದರೂ ಗೆರೆ ಇರುವ ಚಿತ್ರ. ಮೇಡಂ ಕೊಟ್ಟ ಅದೇ ಹಳೇ ಪ್ರಶ್ನೆ!

ಸೀಟು ಸಿಕ್ಕಿತು. ಗೇಟ್ ಮೂಲಕ ಎಂಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಕೊಡುತ್ತಾರೆ ಅಂದಾಗ ಅಪ್ಪ ನಂಬಲೇ ಇಲ್ಲ. "ಓದಾಕೆ ನಾವು ಕಟ್ಟಬೇಕಲ್ವಾ?" ಅಂದರು. ಪಿಎಚ್‌ಡಿಗೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ಆಗಿದೆ. ಬಡತನ ಅಂತ ಮುಂದೆ ಓದೋದನ್ನ ಬಿಡುವ ಮಕ್ಕಳ ಮನೆಯಲ್ಲಿ ಈ ಎರಡು ಅಂಕಿ ಗೊತ್ತಿರಬೇಕು, ಅದಕ್ಕೇ ಬರೆದೆ.

ಹೋದ ವಾರ ಊರಿಗೆ ಬಂದಾಗ ಪಕ್ಕದ ಮನೆಯ ಹುಡುಗಿ ಆಪ್ಷನ್ ಪಟ್ಟಿ ಹಿಡಿದು ಬಂದಿದ್ದಳು. ಹದಿನಾಲ್ಕು ಕಾಲೇಜು ಬರೆದಿದ್ದಳು, ಒಂದನ್ನೂ ನೋಡಿರಲಿಲ್ಲ. ನಾಳೆ ಬೆಳಗ್ಗೆ ಇಬ್ಬರೂ ಹೊರಟಿದ್ದೇವೆ. ಮೊದಲು ಲೈಬ್ರರಿಗೆ.