ಅಗಲ ಪರದೆಗೆ ಬೆಳಕು ಹೊಂದಿಸಿದ ನನ್ನ ಅನುಭವ

ನಾನು ಕಾರವಾರದ ಚಿತ್ರಮಂದಿರವೊಂದರಲ್ಲಿ ಆಪರೇಟರ್ ಆಗಿ ಸೇರುವ ಹೊತ್ತಿಗೆ ಅಗಲ ಪರದೆಯ ಸಿನೆಮಾಸ್ಕೋಪ್ (ಸ್ಕೋಪ್) ಚಿತ್ರಗಳು ರೂಢಿಯಾಗಿದ್ದವು. ಪೋಸ್ಟರಿನಲ್ಲಿ ಫಿಲ್ಮಿನ ಅಗಲ ಹೇಳುವ ‘70 ಎಂ.ಎಂ.’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಚಿತ್ರವೂ ನಮ್ಮಲ್ಲಿಗೆ 35 ಎಂ.ಎಂ. ಪ್ರಿಂಟಾಗಿಯೇ, ತಗಡಿನ ಪೆಟ್ಟಿಗೆಯೊಳಗೆ ಅರಬೈಲ್ ಘಟ್ಟ ಇಳಿದು ಬರುತ್ತಿತ್ತು.

ಸ್ಕೋಪ್ ಫಿಲ್ಮಿನಲ್ಲಿ ಚಿತ್ರವು ಅಡ್ಡಲಾಗಿ ಅರ್ಧಕ್ಕೆ ಕುಗ್ಗಿರುತ್ತದೆ. ಪ್ರೊಜೆಕ್ಟರಿನ ಮುಂದಿನ ವಿಶೇಷ ಮಸೂರ ಅದನ್ನು ಎರಡು ಪಟ್ಟು ಹಿಗ್ಗಿಸುತ್ತದೆ. ಆ ಮಸೂರ ಕೂದಲೆಳೆಯಷ್ಟು ತಿರುಗಿದ್ದರೂ ಪರದೆಯ ಮೇಲಿನ ಕಂಬಗಳು ವಾಲುತ್ತವೆ. ಆದ್ದರಿಂದ ಮೊದಲ ಆಟಕ್ಕೆ ಮುಂಚೆ ಬಾಗಿಲು, ಕಂಬಗಳಿರುವ ಒಂದು ದೃಶ್ಯವನ್ನು ಓಡಿಸಿ, ಅವು ನೆಟ್ಟಗಾಗುವವರೆಗೆ ಮಸೂರವನ್ನು ತಿರುಗಿಸಿ ಬಿಗಿಯುತ್ತಿದ್ದೆ.

ಹೆಚ್ಚು ತಾಳ್ಮೆ ಬೇಡಿದ ಕೆಲಸ ಗೇಟಿನ ಪ್ಲೇಟನ್ನು ಅರದಿಂದ ಉಜ್ಜುವುದು. ಫಿಲ್ಮು ಬೆಳಕಿನ ಮುಂದೆ ಹಾಯುವ ಜಾಗವೇ ಗೇಟು, ಚಿತ್ರದ ಅಂಚನ್ನು ಗೊತ್ತುಮಾಡುವ ಕಿಂಡಿಯುಳ್ಳ ಲೋಹದ ತಗಡು ಅದರ ಪ್ಲೇಟು. ನಮ್ಮ ಕ್ಯಾಬಿನ್ ಬಾಲ್ಕನಿಗಿಂತ ಮೇಲಿದ್ದುದರಿಂದ ಬೆಳಕು ಕೆಳಮುಖವಾಗಿ ಬಿದ್ದು ಚಿತ್ರದ ತಳ ಅಗಲವಾಗುತ್ತಿತ್ತು. ಗೇಟಿನಲ್ಲಿ ಚಿತ್ರ ತಲೆಕೆಳಗಾಗಿರುವುದರಿಂದ ಪರದೆಯ ತಳವೆಂದರೆ ಪ್ಲೇಟಿನ ಮೇಲಂಚು. ಹಾಗಾಗಿ ಬೇಕಾದುದಕ್ಕಿಂತ ಚಿಕ್ಕ ಕಿಂಡಿಯ ಪ್ಲೇಟು ತೆಗೆದುಕೊಂಡು, ಮೇಲಂಚನ್ನು ತುಸು ಕಿರಿದಾಗಿಯೇ ಉಳಿಸಿ, ನಾಲ್ಕು ಬಾರಿ ಉಜ್ಜಿ ಒಮ್ಮೆ ಬೆಳಕು ಹಾಯಿಸಿ ನೋಡಬೇಕಿತ್ತು. ಒಂದು ಸಲ ಹೆಚ್ಚು ಉಜ್ಜಿದರೆ ಆ ಪ್ಲೇಟು ಹಾಳು. ಅಕ್ಕಪಕ್ಕ ನಿಂತ ಎರಡು ಯಂತ್ರಗಳಿಗೆ ಎರಡು ಬೇರೆ ಆಕಾರದ ಪ್ಲೇಟುಗಳು. ರೀಲು ಬದಲಾಗುವಾಗ ಚಿತ್ರದ ಅಂಚು ಕದಲದಿದ್ದರೆ ಮಾತ್ರ ನನಗೆ ಸಮಾಧಾನ.

ಆದರೂ ಅಗಲ ದಕ್ಕುವುದು ಮಸೂರದಿಂದಲ್ಲ, ಬೆಳಕಿನಿಂದ. ಮಳೆಗಾಲದಲ್ಲಿ ವೋಲ್ಟೇಜ್ ಕುಸಿದಾಗ, ನಡುವೆ ಉರಿದು ಬೆಳಕು ಕೊಡುವ ಕಾರ್ಬನ್ ಕಡ್ಡಿಗಳ ಅಂತರವನ್ನು ಎಷ್ಟು ಜೋಪಾನ ಮಾಡಿದರೂ ಪರದೆಯ ಎರಡು ಬದಿಗಳು ಮಸುಕಾಗುತ್ತಿದ್ದವು.

ಹುಬ್ಬಳ್ಳಿಯ ಕ್ಯಾಬಿನ್ ಒಂದರಲ್ಲಿ ನಿಜವಾದ 70 ಎಂ.ಎಂ. ಓಡುವುದನ್ನು ಕಂಡ ದಿನ ಈ ಮಾತು ಪೂರ್ತಿ ಅರ್ಥವಾಯಿತು. 1955ರಲ್ಲಿ ಟಾಡ್-ಎಓ ಪದ್ಧತಿ ಜನಪ್ರಿಯಗೊಳಿಸಿದ ಈ ಅಳತೆಯಲ್ಲಿ 65 ಎಂ.ಎಂ. ನೆಗೆಟಿವಿಗಿಂತ ಪ್ರಿಂಟು 5 ಎಂ.ಎಂ. ಅಗಲ, ಆ ಜಾಗ ಮ್ಯಾಗ್ನೆಟಿಕ್ ಪಟ್ಟಿಗಳ ಆರು ಧ್ವನಿಪಥಗಳಿಗೆ. ಫಿಲ್ಮು ನಿಮಿಷಕ್ಕೆ 90 ಅಡಿಯ ಬದಲು ಸುಮಾರು 112 ಅಡಿ ಓಡುತ್ತದೆ. ಗೇಟಿನ ಕಿಂಡಿಯ ವಿಸ್ತೀರ್ಣ ನಮ್ಮ ಸ್ಕೋಪಿನದಕ್ಕಿಂತ ಸುಮಾರು ಎರಡೂಮುಕ್ಕಾಲು ಪಟ್ಟು, ಅಷ್ಟೇ ಧಾರಾಳವಾಗಿ ಬೆಳಕು. 1975ರ ‘ಶೋಲೆ’ಯನ್ನು 35 ಎಂ.ಎಂ.ನಲ್ಲಿ ಚಿತ್ರೀಕರಿಸಿ ಆಮೇಲೆ 70 ಎಂ.ಎಂ.ಗೆ ಹಿಗ್ಗಿಸಿದ್ದರು. ಹಾಗೆ ಹಿಗ್ಗಿಸಿದರೆ ಹೊಸ ವಿವರಗಳೇನೂ ಹುಟ್ಟುವುದಿಲ್ಲ, ಆದರೆ ಬೆಳಕೂ ಧ್ವನಿಯೂ ಹೆಚ್ಚುತ್ತವೆ. ಅದನ್ನು ನಾನು ಮೋಸವೆಂದು ಎಂದೂ ಭಾವಿಸಿಲ್ಲ.

ಆ ಪ್ರಿಂಟುಗಳು ದುಬಾರಿ. 35 ಎಂ.ಎಂ.ಗೇ ಡಾಲ್ಬಿ ಸ್ಟೀರಿಯೊ, 1993ರಲ್ಲಿ ಡಿಟಿಎಸ್ ಬಂದ ಮೇಲೆ ಧ್ವನಿಗಾಗಿ ಅಷ್ಟು ಖರ್ಚು ಮಾಡುವ ಕಾರಣ ಉಳಿಯಲಿಲ್ಲ. ಮುಂದೆ ಡಿಜಿಟಲ್ ಬಂದು ಫಿಲ್ಮೇ ಹೋಯಿತು.

ನಮ್ಮಲ್ಲಿ ಕೂರಿಸಿದ 2ಕೆ ಡಿಜಿಟಲ್ ಯಂತ್ರದಲ್ಲಿ ಚಿತ್ರಬಿಂದುಗಳ 1080 ಸಾಲುಗಳಿದ್ದರೂ ಸ್ಕೋಪ್ ಚಿತ್ರಕ್ಕೆ ಸಿಗುವುದು 858 ಮಾತ್ರ. ಫಿಲ್ಮಿನಲ್ಲಾದರೋ ಸ್ಕೋಪ್ ಚೌಕಟ್ಟಿನ ಪೂರ್ತಿ ಎತ್ತರವನ್ನು ಬಳಸುತ್ತಿತ್ತು. ಯಂತ್ರ ಕೂರಿಸಿದವರು ಚಿತ್ರದ ನಾಲ್ಕೂ ಕಡೆ ಬರಿಯ ಪರದೆ ಬಿಟ್ಟುಹೋಗಿದ್ದರು. ಮರುದಿನ ಬೆಳಿಗ್ಗೆ ನಾನೇ ಜೂಮ್ ತಿರುಗಿಸಿ ಚಿತ್ರವನ್ನು ಎರಡೂ ಅಂಚಿಗೆ ತಾಗಿಸಿದೆ. ಚಿತ್ರ ಹಿಗ್ಗಿದಷ್ಟೂ ಬೆಳಕು ತೆಳುವಾಯಿತು, ದೀಪದ ಕರೆಂಟನ್ನು ಒಂದು ಹಂತ ಏರಿಸಿದೆ.